ಅಧ್ಯಕ್ಷರ ವೈನಿಯ ಕೈ

ನಮ್ಮ ಅಣ್ಣ ಸೊಸೈಟಿಯ ಅಧ್ಯಕ್ಷನಾಗಿ ಆರಿಸಿ ಬಂದದ್ದು ಎಪ್ಪತ್ತೊಂಬತ್ತರ ಮೇ ತಿಂಗಳ ಕೊನೆಯ ರವಿವಾರ. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಎರಡೇ ಸಾಲು. ‘ಅಣ್ಣ ಗೆದ್ದ. ಮನೆಯಲ್ಲಿ ಸಕ್ಕರೆ ಮುಗಿಯಿತು.’ ಬೆಳಗಿನಿಂದ ಸಂಜೆಯವರೆಗೆ ಚಹಾ ಕುಡಿಯಲು ಬಂದವರನ್ನೆಲ್ಲ ಬರೆಯಹೊರಟಿದ್ದರೆ ಪುಟ ಸಾಲುತ್ತಿರಲಿಲ್ಲ. ಸಕ್ಕರೆ ಹಂಚುವ ಸೊಸೈಟಿಯ ಅಧ್ಯಕ್ಷನ ಮನೆಯಲ್ಲೇ ಸಕ್ಕರೆ ಮುಗಿದದ್ದಕ್ಕೆ ಎಲ್ಲರೂ ನಕ್ಕರು. ನಗದೆ ಇದ್ದವಳು ಒಬ್ಬಳೇ, ಒಲೆಯ ಮುಂದೆ ಕೂತಿದ್ದ ನಮ್ಮ ವೈನಿ, ಅಣ್ಣನ ಹೆಂಡತಿ.

ನಾನು ಅಣ್ಣನ ತಂಗಿ, ನನಗಾಗ ಹತ್ತೊಂಬತ್ತು. ಹಳಿಯಾಳದಲ್ಲಿ ಚಿಗವ್ವನ ಮನೆಯಲ್ಲಿದ್ದು ಓದು ಮುಗಿಸಿ, ದಾಂಡೇಲಿಗೆ ಅಣ್ಣನ ಮನೆಗೆ ಬಂದು ಒಂದು ವರ್ಷವಾಗಿತ್ತು. ದಿನಕ್ಕೆ ಒಂದು ಪುಟ ಬರೆಯುವುದು, ತಿಂಗಳ ಕೊನೆಗೆ ಏನು ಎಷ್ಟಾಯಿತೆಂದು ಕೂಡಿಸಿ ನೋಡುವುದು ನನ್ನ ರೂಢಿ. ಈಗ ಐದು ವರ್ಷ ಕಳೆದಿವೆ. ಆ ವರ್ಷದ ಪುಟಗಳನ್ನು ತೆಗೆದಾಗಲೆಲ್ಲ ಸಿಟ್ಟು ಹೊಸದಾಗಿಯೇ ಏಳುತ್ತದೆ. ಸಿಟ್ಟು ಇಳಿದ ಮೇಲೆ ಬರೆಯಬೇಕೆಂದು ಕಾದೆ. ಅದು ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲಿಯೇ ಬರೆಯುತ್ತೇನೆ.

ಸೊಸೈಟಿ ಎಂದರೆ ನಮ್ಮ ಬಡಾವಣೆಯ ಸಹಕಾರಿ ಅಂಗಡಿ. ಸಕ್ಕರೆ, ಪಾಮೋಲಿನ್, ಚಿಮಣಿ ಎಣ್ಣೆ, ಶಾಲೆ ಶುರುವಾದಾಗ ನೋಟುಬುಕ್ಕು. ಸದಸ್ಯರೆಲ್ಲ ನಮ್ಮಂತೆ ಧಾರವಾಡ, ಬೆಳಗಾವಿ ಕಡೆಯಿಂದ ದುಡಿಯಲು ಬಂದವರು. ಮೂರು ಪಾಳಿಯ ಊರು, ಕಾಗದದ ಕಾರ್ಖಾನೆಯ ಭೋಂಗಾ ಕೂಗಿದಂತೆ ಏಳುವವರು, ಮಲಗುವವರು. ಇಂಥ ಊರಿನಲ್ಲಿ ಎಣ್ಣೆಯ ಬ್ಯಾರಲ್ಲಿನ ಕೀಲಿ ಯಾರ ಕೈಯಲ್ಲಿದೆಯೋ ಅವನು ಸಣ್ಣ ಮನುಷ್ಯನಲ್ಲ. ಅಧ್ಯಕ್ಷನ ಹೆಂಡತಿಯೇ ಬಡಾವಣೆಯ ಮಹಿಳಾ ಮಂಡಳಿಯ ಅಧ್ಯಕ್ಷೆಯಾಗಬೇಕು ಎಂಬುದು ಅಲ್ಲಿಯ ಪದ್ಧತಿ. ಅದನ್ನು ಎಲ್ಲಿಯೂ ಬರೆದಿರಲಿಲ್ಲ, ಯಾರೂ ಪ್ರಶ್ನಿಸುತ್ತಲೂ ಇರಲಿಲ್ಲ. ಅಣ್ಣ ಗೆದ್ದ ಮರುದಿನವೇ ಹಿಂದಿನ ಅಧ್ಯಕ್ಷರ ಹೆಂಡತಿ ಮಂಡಳಿಯ ಕಪಾಟಿನ ಕೀಲಿ, ಎರಡು ಆರತಿ ತಟ್ಟೆ, ಒಂದು ಹಾರ್ಮೋನಿಯಂ ತಂದು ನಮ್ಮ ಪಡಸಾಲೆಯಲ್ಲಿಟ್ಟರು.

“ತೊಗೋರಿ, ಅಧ್ಯಕ್ಷರ ವೈನಿ. ಇನ್ನ ಇದು ನಿಮ್ಮ ತಲಿನೋವು” ಎಂದರು. “ಹಾರ್ಮೋನಿಯಂದಾಗ ಮೂರು ಮನಿ ನುಡಿಯೂದಿಲ್ಲ. ಯಾರರ ಕೇಳಿದ್ರ ಮೊದಲಿಂದ ಹಂಗ ಐತಿ ಅನ್ರಿ.”

ವೈನಿ ನಕ್ಕಳು. “ನನಗ ಒಂದು ಮನಿನೂ ಬಾರ್ಸಾಕ ಬರೂದಿಲ್ರಿ. ನಡೀತೈತಿ.”

ಅವತ್ತಿನಿಂದ ಅವಳಿಗೆ ಇದ್ದ ಹೆಸರು ಹೋಯಿತು. ತರಕಾರಿಯವಳಿಗೂ ಅವಳು ಅಧ್ಯಕ್ಷರ ವೈನಿ, ಹಾಲಿನವನಿಗೂ ಅಧ್ಯಕ್ಷರ ವೈನಿ. ಹಿಟ್ಟಿನ ಗಿರಣಿಗೆ ಜೋಳದ ಡಬ್ಬಿ ಹೊತ್ತು ಹೋದರೆ ಜನ ಅಣ್ಣನಿಗೆ ಹೇಳುತ್ತಿದ್ದರು. ಮಳೆಗಾಲಕ್ಕೆ ಮೊದಲು ಬಡಾವಣೆಯ ಹೆಂಗಸರೆಲ್ಲ ಕೌದಿ ಒಗೆಯಲು ಮೌಳಂಗಿಯ ಹೊಳೆಗೆ ಹೋಗುತ್ತಿದ್ದರು. ವೈನಿಗೆ ಅದು ವರ್ಷದ ದೊಡ್ಡ ಸಂಭ್ರಮ. ಆ ಸಲ ಅಣ್ಣ ಬೇಡವೆಂದ. “ಸೀರಿ ಮ್ಯಾಲ ಕಟ್ಟಿ ಹೊಳ್ಯಾಗ ನಿಂತ್ರ ಛಂದ ಕಾಣ್ತೈತೇನು ಈಗ?” ಎಂದ. ವೈನಿ ಕೌದಿಗಳನ್ನು ಬಚ್ಚಲಲ್ಲೇ ತುಳಿದು ಒಗೆದಳು. ಜೂನ್ ಮತ್ತು ಜುಲೈ ಕೂಡಿಸಿ ನಾನು ಬರೆದಿಟ್ಟದ್ದು ಹೀಗಿದೆ: ಸಮಾರಂಭ ಹನ್ನೊಂದು, ಆರತಿ ಒಂಬತ್ತು, ದೀಪ ಆರು, ಮಾತು ಇಲ್ಲ. ಹನ್ನೊಂದು ಸಲ ವೇದಿಕೆ ಹತ್ತಿದವಳ ಬಾಯಿಂದ ಒಂದು ಮಾತನ್ನೂ ಯಾರೂ ಕೇಳಲಿಲ್ಲ. ಸ್ವಾಗತ ಇನ್ನೊಬ್ಬರದು, ವಂದನಾರ್ಪಣೆ ಮತ್ತೊಬ್ಬರದು. ಅವಳದು ಸೀರೆ, ಕೈ, ತಟ್ಟೆ.

ವೈನಿ ಮಾತು ಬಾರದವಳಲ್ಲ. ಮನೆಯಲ್ಲಿ ಅವಳ ಮುಂದೆ ಅಣ್ಣನೇ ಬಾಯಿ ಮುಚ್ಚುತ್ತಿದ್ದ. ಬೆಳಗಾವಿ ಕಡೆಯ ಹಳ್ಳಿಯವಳು, ಏಳನೇ ಇಯತ್ತೆಯವರೆಗೆ ಓದಿದವಳು, ವಯಸ್ಸು ಇಪ್ಪತ್ತೈದು. ಮೂರು ವರ್ಷದ ಹಿಂದೆ ಅವಳಿಗೊಂದು ಗಂಡು ಕೂಸು ಹುಟ್ಟಿ ಮೂರನೇ ದಿನಕ್ಕೆ ಹೋಗಿತ್ತು. ಆಮೇಲೆ ಆಗಲಿಲ್ಲ. ಅಣ್ಣ ಆಗ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಎಲ್ಲರೆದುರು ಅತ್ತಿದ್ದನೆಂದು ಚಿಗವ್ವ ಹೇಳುತ್ತಿದ್ದಳು. ನಾನು ಅದನ್ನು ನಂಬುತ್ತೇನೆ. ಹಾಗೆ ಅತ್ತವನೇ ಮುಂದೆ ಮಾಡಿದ್ದಕ್ಕೆ ನನ್ನ ಸಿಟ್ಟು ಇಮ್ಮಡಿಯಾಗಿದೆ.

ಜುಲೈನಲ್ಲಿ ಒಂದು ದಿನ ಸೊಸೈಟಿಯ ಮುಂದೆ ಎಣ್ಣೆಯ ಸರದಿಯಲ್ಲಿ ತುಂಬು ಬಸುರಿಯೊಬ್ಬಳು ಮಳೆಯಲ್ಲಿ ತೋಯ್ದು ನಿಂತಿದ್ದಳು. ವೈನಿ ಅವಳನ್ನು ಒಳಗೆ ಕರೆದು ಕೂಡಿಸಿ ಮಾತಾಡಿದಳು. ಏಳು ತಿಂಗಳು. ತವರು ದೂರ, ತಾಯಿ ಇಲ್ಲ. ಕುಬಸ ಮಾಡಿದವರಿಲ್ಲ. ಕುಬಸವೆಂದರೆ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಕೊಟ್ಟು, ಉಡಿ ತುಂಬಿ ಹರಸುವ ಶಾಸ್ತ್ರ. ತವರಿನವರು ಮಾಡಬೇಕು. ಅವತ್ತು ಮನೆಗೆ ಬಂದವಳೇ ವೈನಿ ನನಗೆ ಹೇಳಿದಳು, “ನಮ್ಮ ಬಡಾವಣ್ಯಾಗ ಎಲ್ಲಾರೂ ತವರು ಬಿಟ್ಟು ಬಂದವರ. ಮಂಡಳಿನ ತವರು ಆದ್ರ ಏನಾಕ್ಕೈತಿ? ನಾಕು ಬಡವರಿಗೆ ನಾವ ಕುಬಸಾ ಮಾಡೂಣು. ಎಲ್ಲಾರ ಉಡೀನೂ ನಾನ ತುಂಬ್ತೇನಿ.”

ಎಲ್ಲರಿಗೂ ಈ ಯೋಚನೆ ಹಿಡಿಸಿತು. ಅದು ಅಂತರರಾಷ್ಟ್ರೀಯ ಮಕ್ಕಳ ವರ್ಷ. ಮಕ್ಕಳಿಗಾಗಿ ಏನಾದರೂ ಮಾಡಿ ಫೋಟೋ ತೆಗೆಸಬೇಕೆಂದು ಅಣ್ಣನೂ ಹುಡುಕುತ್ತಿದ್ದ. ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿಯನ್ನು ಅತಿಥಿಯಾಗಿ ಕರೆದರು. ಶ್ರಾವಣದ ನಾಲ್ಕನೇ ಶುಕ್ರವಾರ, ಆಗಸ್ಟ್ ಹದಿನೇಳು ಎಂದು ನಿಶ್ಚಯವಾಯಿತು. ವೈನಿ ನನ್ನನ್ನು ಕರೆದುಕೊಂಡು ಹಳಿಯಾಳದ ಸಂತೆಗೆ ಹೋದಳು. ಹಸಿರು ಸೀರೆ, ಕುಬಸದ ಖಣ, ಕೊಬ್ಬರಿ ಗಿಟುಕು, ಉತ್ತತ್ತಿ, ಅರಿಶಿನ ಬೇರು. ಉತ್ತತ್ತಿಯನ್ನು ಒಂದೊಂದಾಗಿ ಒತ್ತಿ ನೋಡಿ ಆರಿಸಿದಳು. ಅಂಗಡಿಯವನು, “ಮನ್ಯಾಗ ಯಾರದು ಕುಬಸಾ ಅಕ್ಕಾರ?” ಎಂದು ಕೇಳಿದ. “ನಾಕು ಮಂದೀದು” ಎಂದಳು ಜಂಬದಿಂದ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಚೀಲ ತಬ್ಬಿಕೊಂಡು ನಿಂತೇ ಬಂದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಗಸ್ಟ್ ಐದು, ರವಿವಾರ. ವೈನಿ ಗುಡಿಗೆ ಹೋಗಿದ್ದಳು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಉಪಾಧ್ಯಕ್ಷರ ಹೆಂಡತಿ ಮತ್ತೆ ಇಬ್ಬರು ಹೆಂಗಸರು ಬಂದು ಪಡಸಾಲೆಯಲ್ಲಿ ಅಣ್ಣನ ಮುಂದೆ ಕೂತರು. ಉಪಾಧ್ಯಕ್ಷರ ಹೆಂಡತಿಗೆ ನಾಲ್ಕು ಮಕ್ಕಳು. ಹಳಿಯಾಳದ ರಸ್ತೆಗೆ ಗದ್ದೆ. ಮಾತು ಬೆಣ್ಣೆಯಂಥದು.

“ಅಣ್ಣಾರ, ಒಂದು ಮಾತು ಹೇಳ್ತೇವಿ. ಸಿಟ್ಟಿಗೇಳಬ್ಯಾಡ್ರಿ.”

“ನಿಮ್ಮ ಮ್ಯಾಲ ಎಂಥಾ ಸಿಟ್ಟರಿ. ಹೇಳ್ರಿ.”

“ವೈನಿ ಭಾಳ ಓಡಾಡ್ಯಾರ. ಅವರ ಕೆಲಸಕ್ಕ ಹೆಸರಿಡಂಗಿಲ್ಲ. ಆದ್ರ ಬಸುರಿಯರ ಉಡಿ ಅಂದ ಮ್ಯಾಲ ನಿಮಗೂ ತಿಳೀತೈತಿ. ಆ ಹುಡಿಗ್ಯಾರ ಅತ್ತೆಂದ್ರು ನಮ್ಮ ಮನಿಗೆ ಬಂದು ಕೇಳಾಕತ್ತಾರ, ಉಡಿ ಯಾರು ತುಂಬ್ತಾರ ಅಂತ. ಮಕ್ಕಳೊಂದಿಗರ ಕೈ ಬೇಕ್ರಿ ಅದಕ್ಕ. ನಾಳೆ ಯಾರಿಗರ ಹೆಚ್ಚುಕಡಿಮಿ ಆತಂದ್ರ ಮಾತು ವೈನಿ ಮ್ಯಾಲ ಬರ್ತೈತಿ. ಅವರ ಸಲುವಾಗೇ ಹೇಳಾಕ ಬಂದೇವಿ.”

ಬಂಜೆ ಎಂಬ ಮಾತನ್ನು ಅವರು ಆಡಲಿಲ್ಲ. ಮೂರು ದಿನ ಉಸಿರಾಡಿದ ಕೂಸನ್ನು ಲೆಕ್ಕಕ್ಕೆ ಹಿಡಿಯಲೂ ಇಲ್ಲ. ಅಣ್ಣ ಈಗ ಬಯ್ದು ಕಳಿಸುತ್ತಾನೆ ಎಂದು ನಾನು ಮೊರ ಹಿಡಿದುಕೊಂಡೇ ಕಾದೆ.

“ಹಂಗಾರ ಉಡಿ ನೀವ ತುಂಬ್ರಿ” ಎಂದ ಅಣ್ಣ. “ಆಕಿ ದೀಪ ಹಚ್ಚಲಿ. ನಾ ಹೇಳ್ತೇನಿ ಆಕೀಗೆ.”

ಊಟಕ್ಕೆ ಕೂತಾಗ ಹೇಳಿದ. ಹೇಗೆ ಹೇಳಿದನೆಂದರೆ, “ಕುಬಸದ ದಿನ ನೀ ದೀಪಾ ಅಷ್ಟ ಹಚ್ಚು. ಉಡಿ ತುಂಬೂ ಕೆಲಸಾ ಉಪಾಧ್ಯಕ್ಷರ ಮನಿಯವರು ಮಾಡ್ತಾರ. ನಿನಗ ನಡು ನೋಯ್ತೈತಲ್ಲ, ಬಗ್ಗಿ ಏಳೂದು ಆಗೂದಿಲ್ಲ.”

“ನಡು ನಂದು” ಎಂದಳು ವೈನಿ. “ನೋವು ನಿಮಗ ಹೆಂಗ ಗೊತ್ತಾತು?”

ಅಣ್ಣ ಸಾರಿನೊಳಗೆ ಬೆರಳಾಡಿಸಿದ. ವೈನಿ ಅವನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು, “ಅವರು ಬಂದಿದ್ದು ಓಣ್ಯಾಗ ನೋಡೇನಿ. ಯಾಕ ಬಂದಿದ್ರು ಅನ್ನೂದೂ ತಿಳೀತು. ನನ್ನ ಕೈ ಬ್ಯಾಡಾದ್ರ ನಾ ಬರೂದಿಲ್ಲ. ದೀಪಾನೂ ಅವರ ಹಚ್ಚಲಿ.”

“ಹಂಗಂದ್ರ ಹೆಂಗ? ಸಾಹೇಬ್ರ ಮನಿಯವರು ಬರ್ತಾರ. ಅಧ್ಯಕ್ಷನ ಹೆಂಡತಿ ಎಲ್ಲಿ ಅಂದ್ರ ಏನ ಹೇಳ್ಲಿ?”

“ನಡು ನೋವು ಅಂತ ಹೇಳ್ರಿ.”

ಹೀಗೆ ಐದು ದಿನ ನಡೆಯಿತು. ವೈನಿ ಇಲ್ಲದೆ ಸಮಾರಂಭವಿಲ್ಲ, ವೈನಿಯ ಕೈ ಇದ್ದರೆ ಶಾಸ್ತ್ರವಿಲ್ಲ. ಅವಳ ಮುಖ ಬೇಕು, ಕೈ ಬೇಡ. ಹತ್ತನೆಯ ತಾರೀಖು ಅಣ್ಣ ಒಂದು ರಾಜಿ ತಂದ. ನಾಲ್ವರ ಜೊತೆಗೆ ಐದನೆಯವಳೊಬ್ಬಳನ್ನು ಸೇರಿಸಿದ್ದಾರೆ, ಅವಳ ಉಡಿಯನ್ನು ವೈನಿಯೇ ತುಂಬಬೇಕು. “ಆಕೀದು ನೀನ ತುಂಬು. ಎಲ್ಲಾರೂ ಒಪ್ಯಾರ” ಎಂದ. ವೈನಿ ಆಗಲಿ ಎಂದಳು. ಅಂದು ಸಂಜೆ ಐದನೆಯ ಖಣಕ್ಕೆ ತನ್ನ ಟ್ರಂಕಿನಿಂದ ಒಂದು ಇಳಕಲ್ ಖಣ ತೆಗೆದಳು. ಅದು ಅವಳ ಮದುವೆಯದು.

ಸೋಮವಾರ ಮಧ್ಯಾಹ್ನ ಸೊಸೈಟಿಯ ಸಭಾಗೃಹದಲ್ಲಿ ನಾನು ಖಣಗಳನ್ನು ಮಡಚಿ ಇಡುತ್ತಿದ್ದೆ. ಸಕ್ಕರೆಯ ಚೀಲಗಳ ಆಚೆಗೆ ಉಪಾಧ್ಯಕ್ಷರ ಹೆಂಡತಿ ಮತ್ತೊಬ್ಬಳ ಜೊತೆ ಕುರ್ಚಿ ಒರೆಸುತ್ತಿದ್ದರು. ನಾನಿದ್ದದ್ದು ಅವರಿಗೆ ಕಾಣಲಿಲ್ಲ.

“ಐದನೇದಾಕಿ ಯಾರ್ರೀ?”

“ನಮ್ಮ ಗದ್ದಿ ನಾಟಿಗೆ ಬರ್ತಾಳಲ್ಲ, ಆ ಸಿದ್ದಿಯಾಕಿ. ಎಂಟು ತಿಂಗಳಾತಂತ. ಬಾ ಅಂದೆ, ಬರ್ತೇನಿ ಅಂದ್ಲು. ಸೀರಿ ಸಿಗತೈತಲ್ಲ.”

“ಆದ್ರ ಉಡಿ ಅಧ್ಯಕ್ಷರ ವೈನಿ...”

“ಅಯ್ಯ, ಆಕಿ ಸಿದ್ದಿ, ಅದರಾಗ ಕ್ರಿಸ್ತರಾಕಿ. ಅವರಿಗೆ ಶಕುನಾ ಗಿಕುನಾ ಎಲ್ಲೈತಿ? ಆಕೀಗೆ ನಡೀತೈತಿ. ವೈನಿಗೂ ಸಮಾಧಾನ, ಅಣ್ಣಾರಿಗೂ ಸಮಾಧಾನ.”

ಇಬ್ಬರೂ ಕುರ್ಚಿ ಒರೆಸಿ ಮುಗಿಸಿದರು. ಆ ರಾತ್ರಿ ದಿನಚರಿಯಲ್ಲಿ ಆ ಮಾತನ್ನು ಬರೆದೆ. ‘ಆಕೀಗೆ ನಡೀತೈತಿ.’ ಸಿದ್ದಿಯರು ಈ ಕಾಡಿನಲ್ಲಿ ನಮಗಿಂತ ಎಷ್ಟೋ ತಲೆಮಾರು ಮೊದಲಿನಿಂದ ಇರುವವರು. ನಾವು ನಿನ್ನೆ ಮೊನ್ನೆ ಗಂಟು ಮೂಟೆ ಕಟ್ಟಿಕೊಂಡು ಬಂದವರು. ಆದರೂ ಕುರ್ಚಿಯ ಮೇಲೆ ಕೂಡುವವರು ನಾವು, ಜಮಖಾನೆಯ ಅಂಚಿಗೆ ಕೂಡುವವರು ಅವರು. ಈಗ ನಮ್ಮ ಕೆಟ್ಟ ಶಕುನವನ್ನು ಹೊರುವುದಕ್ಕೂ ಅವರೇ ಆಗಬೇಕಿತ್ತು. ತಮ್ಮ ಸೊಸೆಯಂದಿರ ಹೊಟ್ಟೆಗೆ ತಾಗಬಾರದ ಕೈ ಇವಳ ಹೊಟ್ಟೆಗೆ ತಾಗಬಹುದು. ಇವಳ ಕೂಸಿಗೆ ಏನಾದರೂ ಆದರೆ ಅದು ಸುದ್ದಿಯಲ್ಲ.

ಮರುದಿನ ಬೆಳಿಗ್ಗೆ ವೈನಿ ರೊಟ್ಟಿ ಬಡಿಯುವಾಗ ನಾನು ಕೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದೆ. ಅವಳ ಕೈ ನಿಂತಿತು.

“ನಿಮ್ಮಣ್ಣಗ ಗೊತ್ತೈತಿ?”

“ಗೊತ್ತಿರಬೇಕು ವೈನಿ. ರಾಜಿ ತಂದವ ಅವನ ಅಲ್ಲೇನು?”

ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಉಳಿದ ಹಿಟ್ಟನ್ನು ಕೂಡ ಬಡಿದು ಮುಗಿಸಿದಳು. ಏನಾದರೂ ಅನ್ನುತ್ತಾಳೆಂದು ನಾನು ಕಾದೆ. “ಬುಟ್ಟ್ಯಾಗ ಹಾಕಿ ಮುಚ್ಚು. ಆರ್ತಾವ” ಎಂದಳು ಅಷ್ಟೇ.

ಹದಿನೇಳನೆಯ ತಾರೀಖು ಬೆಳಗಿನಿಂದ ಮಳೆ. ಚೀಲಗಳನ್ನು ಹಿಂದಕ್ಕೆ ಸರಿಸಿ, ಗೋಡೆಗೆ ಮಾವಿನ ತೋರಣ ಕಟ್ಟಿದ್ದರು. ಎಣ್ಣೆಯ ವಾಸನೆ ಮಾತ್ರ ಊದಿನಕಡ್ಡಿಗೂ ಬಗ್ಗಿರಲಿಲ್ಲ. ಐವರು ಬಸುರಿಯರು ಹಸಿರು ಸೀರೆಯುಟ್ಟು ಸಾಲಾಗಿ ಕೂತರು. ನಾಲ್ವರಿಗೆ ಕುರ್ಚಿ ಇತ್ತು. ಕುರ್ಚಿ ಸಾಲಲಿಲ್ಲವೆಂದು ಐದನೆಯವಳಿಗೆ ಮಣೆ ಹಾಕಿದ್ದರು. ವೈನಿ ಅದನ್ನು ನೋಡಿ, ಅಧ್ಯಕ್ಷರ ವೈನಿಗೆಂದು ವೇದಿಕೆಯಲ್ಲಿಟ್ಟ ಕುರ್ಚಿಯನ್ನು ತಾನೇ ಎತ್ತಿ ತಂದು ಅವಳಿಗೆ ಕೊಟ್ಟಳು. ಅವಳು ನನ್ನ ವಯಸ್ಸಿನವಳೇ ಇರಬೇಕು. ಕೂಡಲೋ ಬೇಡವೋ ಎಂದು ಅತ್ತೆಯ ಕಡೆ ನೋಡಿದಳು. ಅತ್ತೆ ಬಾಗಿಲ ಹತ್ತಿರ ನಿಂತಿದ್ದ ಗಟ್ಟಿಮುಟ್ಟಾದ ಮುದುಕಿ. ಗದ್ದೆಯ ಕೆಸರು ತೊಳೆದ ಕಾಲು ಇನ್ನೂ ಒದ್ದೆ ಇತ್ತು. ಕೂಡು ಎಂದು ಗೋಣು ಹಾಕಿದಳು.

ವೈನಿ ದೀಪ ಹಚ್ಚಿದಳು. ಅತಿಥಿ ತಾಯ್ತನದ ಬಗ್ಗೆ ಮಾತಾಡಿದರು. ಉಪಾಧ್ಯಕ್ಷರ ಹೆಂಡತಿ ನಾಲ್ವರಿಗೂ ಉಡಿ ತುಂಬಿದರು. ಹೆಂಗಸರು ಸೋಬಾನೆ ಹಾಡಿದರು. ಫೋಟೋದವನು ನಾಲ್ಕು ಸಲ ಬೆಳಕು ಹಾಯಿಸಿದ. ನಂತರ ಉಡಿಯ ಸಾಮಾನಿನ ಮೊರ ವೈನಿಯ ಕೈಗೆ ಬಂತು.

ವೈನಿ ಐದನೆಯವಳ ಮುಂದೆ ಮೊಣಕಾಲೂರಿ ಕೂತಳು. ಅರಿಶಿನ ಹಚ್ಚಲಿಲ್ಲ. ಮೊರವನ್ನು ಕೆಳಗಿಟ್ಟಳು. ಹಾಡು ತಾನಾಗಿ ಸಣ್ಣಗಾಗಿ ನಿಂತಿತು. ಅವಳು ದನಿ ಏರಿಸಲಿಲ್ಲ, ಆದರೆ ಮುಂದಿನ ಎರಡು ಸಾಲಿಗೆ ಸ್ಪಷ್ಟವಾಗಿ ಕೇಳಿಸಿತು.

“ನೋಡವ್ವಾ, ನಿನಗೊಂದು ಮಾತು ಹೇಳ್ಬೇಕು. ನನಗೊಂದು ಕೂಸಾಗಿತ್ತು. ಮೂರು ದಿನಕ್ಕ ಹೋತು. ಮತ್ತ ಆಗಿಲ್ಲ. ಅದಕ್ಕ ಈ ನಾಕು ಮಂದಿಗೆ ನನ್ನ ಕೈ ಬ್ಯಾಡ ಅಂದಾರ. ನಿನಗ ನಡೀತೈತಿ ಅಂತ ಅವರ ಹೇಳ್ಯಾರ, ನಿನ್ನ ಕೇಳಿಲ್ಲ. ನಾ ಕೇಳ್ತೇನಿ. ನಿನಗ ನಡೀತೈತೇನು?”

ಆ ಹುಡುಗಿ ವೈನಿಯ ಮುಖ ನೋಡಿದಳು. ಆಮೇಲೆ ಉಪಾಧ್ಯಕ್ಷರ ಹೆಂಡತಿಯ ಕಡೆ ನೋಡಿದಳು. ನಾಳೆ ಅವರ ಗದ್ದೆಗೇ ಹೋಗಬೇಕಾದವಳು. ಅವಳು ಹೂಂ ಎನ್ನುತ್ತಾಳೆ, ವೈನಿಯ ಕೈ ಹಿಡಿಯುತ್ತಾಳೆ, ಈ ಹೆಂಗಸರ ಮುಖಕ್ಕೆ ಹೊಡೆದಂತಾಗುತ್ತದೆ ಎಂದು ನನಗೆ ಆಸೆ. ಅವಳು ಕತ್ತು ಬಗ್ಗಿಸಿ ಅಂದದ್ದು ಬೇರೆ.

“ಅಕ್ಕಾರ, ನಂದೂ ಒಂದು ಹೋಗೇತ್ರಿ, ಹೋದ ವರ್ಷ. ನನಗ ಅಂಜಿಕಿ ಐತಿ.” ಸ್ವಲ್ಪ ತಡೆದು ಸೇರಿಸಿದಳು, “ನಮಗ ಶಕುನಾ ಇಲ್ಲ ಅಂತ ಯಾರು ಹೇಳಿದ್ರು? ಬ್ಯಾಡ್ರಿ ಅಕ್ಕಾರ. ನಿಮ್ಮ ಮ್ಯಾಲ ಸಿಟ್ಟಿಲ್ಲ.”

ವೈನಿ ಎರಡು ಸಲ ತಲೆಯಾಡಿಸಿದಳು.

“ಖರೆ ಹೇಳಿದಿ. ಇಲ್ಲಿ ನನ್ನ ಮುಂದ ಖರೆ ಹೇಳಿದಾಕಿ ನೀ ಒಬ್ಬಾಕಿ. ನಿಮ್ಮತ್ತಿಗೆ ಮಕ್ಕಳೆಷ್ಟು?”

“ಏಳು.”

“ಬರ್ರಿ ಯವ್ವಾ” ಎಂದು ವೈನಿ ಬಾಗಿಲ ಕಡೆ ಕೈ ಮಾಡಿದಳು. ಮುದುಕಿ ಸೊಸೆಯನ್ನು ಕೊಂಕಣಿಯಲ್ಲಿ ಏನೋ ಕೇಳಿದಳು, ಸೊಸೆ ಏನೋ ಹೇಳಿದಳು. ಮುದುಕಿ ಜಮಖಾನೆಯ ನಡುವೆಯೇ ನಡೆದು ಬಂದು ಮೊರ ತೆಗೆದುಕೊಂಡಳು. “ನಮ್ಮಲ್ಲಿ ಇಷ್ಟು ಸಾಮಾನು ಇರೂದಿಲ್ರಿ” ಎಂದು ಗಟ್ಟಿಯಾಗಿ ಅಂದಳು. ವೈನಿ ಪಕ್ಕದಲ್ಲಿ ನಿಂತು ಮೊದಲು ಅಕ್ಕಿ, ಆಮೇಲೆ ಕೊಬ್ಬರಿ, ಆಮೇಲೆ ಖಣ ಎಂದು ಹೇಳಿಕೊಟ್ಟಳು. ಹಾಡುವವರು ಹಾಡಲಿಲ್ಲ. ನಾನು ಹಾಡಿದೆ. ನನ್ನ ದನಿ ಕೆಟ್ಟದ್ದು, ಎರಡನೇ ಸಾಲು ಮರೆತುಹೋಯಿತು. ಮೊದಲ ಸಾಲನ್ನೇ ಮೂರು ಸಲ ಹಾಡಿದೆ.

ಆಮೇಲೆ ಗುಂಪಿನ ಫೋಟೋ. ವೈನಿ ವೇದಿಕೆಯ ಮೇಲೆ ಇರಲಿಲ್ಲ. ಜಮಖಾನೆಯಲ್ಲಿ ಮುದುಕಿಯ ಪಕ್ಕ ಕೂತು ಎಲೆಯಲ್ಲಿ ಬಡಿಸಿದ ಹುಗ್ಗಿ ತಿನ್ನುತ್ತಿದ್ದಳು. ಅಣ್ಣ ಬಂದು ಬಗ್ಗಿ, ಹಲ್ಲು ಕಚ್ಚಿ ಮೆಲ್ಲಗೆ ಹೇಳಿದ, “ಏಳು. ಸಾಹೇಬ್ರ ಮನಿಯವರು ಕಾಯಾಕತ್ತಾರ.”

“ಉಪಾಧ್ಯಕ್ಷರ ಮನಿಯವ್ರನ್ನ ನಿಂದರಿಸ್ಕೊಳ್ರಿ” ಎಂದಳು ವೈನಿ. ಮೆಲ್ಲಗೆ ಅಲ್ಲ. “ಅವರಿಗೆ ಮಕ್ಕಳದಾವ.”

ಮುದುಕಿ ತುತ್ತು ನಿಲ್ಲಿಸಿ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, “ನೀವೂ ಉಣ್ರಿ ಸಾಹೇಬ್ರ, ಛಲೋ ಆಗೇತಿ” ಎಂದಳು. ಅಣ್ಣ ಹೋಗಿ ವೇದಿಕೆಯ ಮೇಲೆ ನಿಂತ. ಆ ಫೋಟೋ ಈಗಲೂ ಸೊಸೈಟಿಯ ಗೋಡೆಯಲ್ಲಿದೆ ಎಂದು ಕೇಳಿದ್ದೇನೆ.

ಮನೆಗೆ ಬಂದ ಮೇಲೆ ಅಣ್ಣ ಮಾನದ ಮಾತಾಡಿದ. ಊರ ಮುಂದೆ ತಲೆ ತಗ್ಗಿಸುವಂತೆ ಮಾಡಿದಳು, ಅದಕ್ಕಿಂತ ಹೆಚ್ಚಾಗಿ ಸತ್ತ ಕೂಸಿನ ಮಾತನ್ನು ಸಭೆಯಲ್ಲಿ ಆಡಿದಳು ಎಂದ. ವೈನಿ ಎಲ್ಲ ಕೇಳಿ ಹೇಳಿದಳು, “ಆ ಕೂಸು ಇತ್ತು ಅಂತ ಊರಾಗ ಹೇಳಾಕಿ ನಾ ಒಬ್ಬಾಕಿ. ನೀವು ಹೇಳ್ಬೇಕಾಗಿತ್ತು, ಅವರು ಮನಿಗೆ ಬಂದ ದಿನ. ದೀಪಕ್ಕ ಈ ಕೈ ನಡೀತೈತಿ, ಆರತಿಗೆ ನಡೀತೈತಿ, ಚಾ ಮಾಡಾಕ ನಡೀತೈತಿ. ಉಡಿಗೆ ನಡ್ಯಾಂಗಿಲ್ಲ. ಹಂಗ ತುಂಡು ತುಂಡು ಮಾಡಿ ಕೊಡಾಕ ಬರೂದಿಲ್ಲ.” ಮಂಡಳಿಯ ಕೀಲಿ, ತಟ್ಟೆ, ಹಾರ್ಮೋನಿಯಂ ಎಲ್ಲವನ್ನೂ ಮರುದಿನ ನನ್ನ ಕೈಯಲ್ಲಿ ಉಪಾಧ್ಯಕ್ಷರ ಮನೆಗೆ ಕಳಿಸಿದಳು. ಅವರು ಸಂಕೋಚವಿಲ್ಲದೆ ತೆಗೆದುಕೊಂಡರು. ಅಧ್ಯಕ್ಷರ ವೈನಿಗೆ ಸೊಕ್ಕು ಎಂದು ಬಡಾವಣೆ ತೀರ್ಮಾನಿಸಿತು. ಆದರೂ ಸಮಾರಂಭ ಬಂದಾಗಲೆಲ್ಲ ಅಣ್ಣನಿಗೆ ಅವಳು ಬೇಕೇ ಬೇಕು. ಪ್ರತಿಸಲ ಕರೆಯುತ್ತಿದ್ದ, ಪ್ರತಿಸಲ ಅವಳು ಇಲ್ಲ ಅನ್ನುತ್ತಿದ್ದಳು, ಪ್ರತಿಸಲ ಅವನು ಹೋಗಿ ನಡುನೋವೆಂದು ಹೇಳುತ್ತಿದ್ದ.

ಸೆಪ್ಟೆಂಬರಿನಲ್ಲಿ ಸಿದ್ದಿಯರ ಹುಡುಗಿಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಕೂಸು, ತಾಯಿ ಇಬ್ಬರೂ ಚೆನ್ನಾಗಿದ್ದರು. ಸುದ್ದಿ ತಂದವರು ಉಪಾಧ್ಯಕ್ಷರ ಹೆಂಡತಿಯೇ. ನಳದ ಹತ್ತಿರ ಕೊಡ ಹಿಡಿದು ನಿಂತ ಎಲ್ಲರಿಗೂ ಕೇಳುವಂತೆ ನನಗೆ ಹೇಳಿದರು, “ನಿಮ್ಮ ವೈನಿ ಕೈ ಹಚ್ಚಲಿಲ್ಲ ನೋಡವ್ವಾ, ಎಲ್ಲಾ ಸುಸೂತ್ರ ಆತು.” ಇಬ್ಬರು ನಕ್ಕರು. ನನ್ನ ಕೊಡ ಅರ್ಧ ತುಂಬಿತ್ತು, ಹಾಗೇ ಎತ್ತಿಕೊಂಡು ಬಂದೆ. ವೈನಿಗೆ ಕೂಸಿನ ಸುದ್ದಿ ಅಷ್ಟೇ ಹೇಳಿದೆ. “ಮುದುಕೀನ ಹಡಿಸಿರಬೇಕು” ಎಂದಳು ಅವಳು, ಮುಖ ಅರಳಿತು.

ದಸರೆ ಕಳೆದ ವಾರ ಇನ್ನೊಂದು ಸುದ್ದಿ ಬಂತು. ಕುರ್ಚಿಯಲ್ಲಿ ಕೂತಿದ್ದ ನಾಲ್ವರಲ್ಲಿ ಒಬ್ಬಳಿಗೆ, ಮಳೆಯಲ್ಲಿ ಎಣ್ಣೆಗೆ ನಿಂತಿದ್ದ ಅದೇ ತಾಯಿಯಿಲ್ಲದ ಹುಡುಗಿಗೆ, ಸತ್ತ ಕೂಸು ಹುಟ್ಟಿತ್ತು. ನಾಲ್ಕು ಮಕ್ಕಳ ತಾಯಿಯ ಕೈಯಿಂದ ಉಡಿ ತುಂಬಿಸಿಕೊಂಡವಳಿಗೆ. ನಾನು ಎರಡು ದಿನ ಕಿವಿ ತೆರೆದಿಟ್ಟುಕೊಂಡು ತಿರುಗಿದೆ. ನಳದ ಹತ್ತಿರ, ಗಿರಣಿಯಲ್ಲಿ, ಸೊಸೈಟಿಯ ಸರದಿಯಲ್ಲಿ. ದೇವರ ಇಚ್ಛೆ ಎಂದರು. ಹುಡುಗಿಯ ಹಣೆಬರಹ ಎಂದರು. ಭಾರ ಎತ್ತಿದ್ದಳು ಎಂದರು. ಉಪಾಧ್ಯಕ್ಷರ ಹೆಂಡತಿಯ ಕೈಯ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಕೈ ವೈನಿಯದಾಗಿದ್ದರೆ ಆ ರಾತ್ರಿಯೇ ನಮ್ಮ ಮನೆಯ ಮುಂದೆ ಜನ ಸೇರುತ್ತಿದ್ದರು.

ಮೂರನೇ ದಿನ ಸಂಜೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ವೈನಿ ಅಡುಗೆಮನೆಯಲ್ಲಿ ಅಂಟು ಹುರಿಯುತ್ತಿದ್ದಳು, ಬಾಣಂತಿಗೆ ಕೊಡುವ ಅಂಟಿನುಂಡಿಗೆ.

“ಎಲ್ಲಿಗೆ?”

“ಉಪಾಧ್ಯಕ್ಷರ ಮನಿಗೆ. ನಾಕು ಮಂದಿ ಕೇಳೂಹಂಗ ಕೇಳಿ ಬರ್ತೇನಿ.”

“ಏನ ಕೇಳ್ತಿ? ಆಕಿ ಕೈ ಕೆಟ್ಟ ಅಂತೀಯೇನು?”

“ಅಂತೇನಿ. ಅನ್ನಬಾರದೇನು? ನಿಮಗ ಅಂದಿಲ್ಲೇನು ಅವರು?”

ಅವಳು ಸೌಟು ತೆಗೆಯದೆ ಹೇಳಿದಳು, “ಆಕಿ ಕೈಯಿಂದ ಆ ಕೂಸು ಹೋತು ಅಂತ ನೀ ಅಂದ್ರ, ಕೈಯಿಂದ ಕೂಸು ಹೋಗ್ತಾವ ಅಂದಂಗ ಆತು. ಹಂಗಾರ ನಂದೂ ನನ್ನ ಕೈಯಿಂದ ಹೋತೇನು?”

ನಾನು ಬಾಗಿಲಲ್ಲೇ ನಿಂತೆ. ಆ ಮಾತು ಸರಿ ಎಂದು ಅವತ್ತೇ ತಿಳಿಯಿತು. ಸರಿಯಾದ ಮಾತಿನಿಂದ ಸಿಟ್ಟು ಇಳಿಯುವುದಿಲ್ಲ ಎಂದೂ ತಿಳಿಯಿತು.

“ಸತ್ತ ಕೂಸು ಹಡೆದಾಕೀಗೆ ಯಾರೂ ಉಂಡಿ ಒಯ್ಯೂದಿಲ್ಲ” ಎಂದಳು ವೈನಿ. “ಬಾಣಂತಿ ಅಂತ ಹಿಡ್ಯಾಂಗಿಲ್ಲ ಆಕೀನ್ನ. ನಡು ಅಷ್ಟ ನೋಯ್ತಿರ್ತೈತಿ, ಹಾಲು ಅಷ್ಟ ಕಟ್ಟಿರ್ತೈತಿ. ಡಬ್ಬಿ ತೊಗೋ, ಹೋಗೂಣು.”

ಉಂಡೆ ಕಟ್ಟಿ ಡಬ್ಬಿಗೆ ತುಂಬುವಾಗ ಹೊರಗೆ ಅಣ್ಣನ ಸ್ಕೂಟರ್ ನಿಂತಿತು. ಆ ಸಂಜೆ ಶಾಲೆಯ ಮಕ್ಕಳಿಗೆ ಸೊಸೈಟಿಯಿಂದ ಬಹುಮಾನ. ಅವನು ಒಳಗೆ ಬಂದು ಡಬ್ಬಿ ನೋಡಿದ, ವೈನಿಯ ಹಳೆಯ ಸೀರೆ ನೋಡಿದ. ಸೋತ ದನಿಯಲ್ಲಿ ಕೇಳಿದ, “ಇವತ್ತೊಂದು ದಿನ ಬಾ. ಮಕ್ಕಳ ಕೈಯಾಗ ಪುಸ್ತಕಾ ಕೊಡೂದು ಅಷ್ಟ. ಎಲ್ಲಾರೂ ಕೇಳ್ತಾರ ನಿನ್ನ.”

ವೈನಿ ಮುಚ್ಚಳ ಒತ್ತಿ ಡಬ್ಬಿಯನ್ನು ಸೆರಗಿನೊಳಗೆ ಹಿಡಿದಳು. ಉತ್ತರ ಕೊಡದೆ ಮೆಟ್ಟಿಲಿಳಿದಳು. ಉತ್ತರ ಕೊಟ್ಟವಳು ನಾನು. ಅಣ್ಣನಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಈ ಸಲ ನಡು ನೋವು ಅನಬ್ಯಾಡ” ಎಂದೆ. “ಬಾಣಂತೀನ್ನ ನೋಡಾಕ ಹೋಗ್ಯಾಳ ಅಂತ ಹೇಳು. ಯಾವ ಬಾಣಂತಿ ಅಂತ ಕೇಳಿದ್ರ ಅದನ್ನೂ ಹೇಳು. ಮೈಕಿನ್ಯಾಗ ಹೇಳು.”

ಅವನು ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ವೈನಿ ಆಗಲೇ ಓಣಿಯ ತಿರುವಿನಲ್ಲಿದ್ದಳು. ಅವಳನ್ನು ಹಿಡಿಯಲು ನಾನು ಓಡಬೇಕಾಯಿತು.